ರಾತ್ರಿ ಬಸ್ಸಿನವರ ಟಾಕೀಸು ಕಪಾಲಿ

ರಾತ್ರಿ ಒಂಬತ್ತರ ಹೊತ್ತಿಗೆ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಒಂದು ಕೂಗು ನಿಮಗೂ ಕೇಳಿರುತ್ತದೆ. ‘ಹಾಸನ, ಮೆಜೆಸ್ಟಿಕ್, ಮೆಜೆಸ್ಟಿಕ್.’ ಸುಳ್ಯದಲ್ಲಾದರೆ ಅದೇ ಹೆಸರು ಮಡಿಕೇರಿ, ಮೈಸೂರಿನ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ಬಸ್ಸಿನ ಬೋರ್ಡಿನಲ್ಲಿ ಬರೆದಿರುವುದು ಬೆಂಗಳೂರು ಅಂತ. ಅಲ್ಲಿ ಇಳಿಯುವ ನಿಲ್ದಾಣದ ಹೆಸರು ಕೆಂಪೇಗೌಡ ಬಸ್ ನಿಲ್ದಾಣ. ಎದುರಿನ ರೈಲ್ವೆ ಸ್ಟೇಷನ್ನಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು. ಮೆಟ್ರೋ ಸ್ಟೇಷನ್ನಿಗೆ ನಾಡಪ್ರಭು ಕೆಂಪೇಗೌಡರ ಹೆಸರು. ಇಷ್ಟೆಲ್ಲ ದೊಡ್ಡವರ ಹೆಸರು ಇಟ್ಟರೂ ನಮ್ಮ ಬಾಯಲ್ಲಿ ಬರುವುದು ಮೆಜೆಸ್ಟಿಕ್ ಒಂದೇ.

ಮೆಜೆಸ್ಟಿಕ್ ಅಂದರೆ ಯಾವ ರಾಜನೂ ಅಲ್ಲ, ದೇವರೂ ಅಲ್ಲ. ಅದೊಂದು ಟಾಕೀಸಿನ ಹೆಸರು. ಕೆಂಪೇಗೌಡ ರಸ್ತೆಯಲ್ಲಿದ್ದ ಹಳೆಯ ಸಿನೆಮಾ ಮಂದಿರ. ಅದನ್ನು ಕೆಡವಿ ಕಾಲ ಎಷ್ಟೋ ಆಯಿತು. ಕಟ್ಟಡ ಹೋಯಿತು, ಹೆಸರು ಮಾತ್ರ ಬಸ್ಸು ಹತ್ತಿ ಶಿರಾಡಿ ಘಾಟಿ ಇಳಿದು ನಮ್ಮ ಊರಿನವರೆಗೂ ಬಂತು.

ಮಂಗಳೂರಿಗೆ ಹೋಗುವಾಗಲೂ ಇದೇ ಕತೆ. ಕಂಕನಾಡಿ ದಾಟಿದ ಮೇಲೆ ಕಂಡಕ್ಟರ್ ‘ಜ್ಯೋತಿ, ಜ್ಯೋತಿ’ ಅನ್ನುತ್ತಾರೆ. ಆ ವೃತ್ತಕ್ಕೆ ಇಟ್ಟ ಹೆಸರು ಅಂಬೇಡ್ಕರ್ ವೃತ್ತ. ಜ್ಯೋತಿ ಅನ್ನುವುದು ಅಲ್ಲಿದ್ದ ಟಾಕೀಸಿನದು. ಅಂದರೆ ನಮ್ಮ ಮೂರು ತಾಲೂಕಿನವರಿಗೆ ಎರಡು ದೊಡ್ಡ ಪೇಟೆಗಳ ಬಾಗಿಲಲ್ಲೂ ನಿಂತಿರುವುದು ಎರಡು ಸಿನೆಮಾ ಮಂದಿರಗಳ ಹೆಸರು. ಆಸ್ಪತ್ರೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ಪರೀಕ್ಷೆ ಬರೆಯಲು ಹೋಗುವ ಮಕ್ಕಳು, ಎಲ್ಲರೂ ಟಾಕೀಸಿನ ಹೆಸರು ಹೇಳಿಯೇ ಟಿಕೆಟ್ ತೆಗೆಯುವುದು.

ಈ ಬರಹ ಮೂರನೆಯ ಒಂದು ಟಾಕೀಸಿನದು, ಬೆಂಗಳೂರಿನ ಕಪಾಲಿಯದು. ಮೆಜೆಸ್ಟಿಕ್ ಟಾಕೀಸನ್ನು ನಾವು ನೋಡಿದವರಲ್ಲ. ಕಪಾಲಿಯ ಒಳಗೆ ಕೂತವರು.

ಮೊದಲು ಆ ಜಾಗದ ವಿಷಯ. ಈಗ ನಮ್ಮ ಬಸ್ಸು ನಿಲ್ಲುವ ಜಾಗ ಒಂದು ಕಾಲದಲ್ಲಿ ಕೆರೆ, ಧರ್ಮಾಂಬುಧಿ ಕೆರೆ. ಬೆಂಗಳೂರಿನ ಹಳೆಯ ಪೇಟೆಗೆ ನೀರು ಕೊಟ್ಟ ಕೆರೆ ಅದು. ಕೆರೆ ಬತ್ತಿ ಮೈದಾನವಾಯಿತು, ಮೈದಾನದ ಮೇಲೆ ಬಸ್ ನಿಲ್ದಾಣ ಎದ್ದಿತು. ಒಂದು ಕಡೆ ರೈಲು, ಒಂದು ಕಡೆ ಬಸ್ಸು, ಪಕ್ಕದಲ್ಲಿ ಗಾಂಧಿನಗರ. ಊರೂರಿನ ಜನ ಬಂದು ಇಳಿಯುವ ಜಾಗದಲ್ಲಿ ಸಿನೆಮಾ ಮಂದಿರಗಳು ಒಂದರ ಪಕ್ಕ ಒಂದು ಎದ್ದದ್ದು ಆಶ್ಚರ್ಯ ಅಲ್ಲ. ಜಾತ್ರೆ ಗದ್ದೆಯ ಬದಿಯಲ್ಲಿ ಚರುಮುರಿ ಅಂಗಡಿ ಏಳುವ ಹಾಗೆ. ಸಾಗರ್, ಗೀತಾ, ಹಿಮಾಲಯ, ಸ್ಟೇಟ್ಸ್, ಅಲಂಕಾರ್, ಕೆಂಪೇಗೌಡ, ತ್ರಿಭುವನ್, ಕೈಲಾಶ್, ಮೇನಕಾ, ಸಂತೋಷ್, ನರ್ತಕಿ, ಸಪ್ನಾ, ಅನುಪಮಾ. ಹೆಸರು ಹೇಳಿ ಮುಗಿಯುವುದಿಲ್ಲ.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬಿಡುಗಡೆಯಾದದ್ದು ಇವು ಯಾವುದರಲ್ಲೂ ಅಲ್ಲ. 1934ರ ಮಾರ್ಚ್ 3ರಂದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ. ಅದರ ಹಳೆಯ ಹೆಸರು ದೊಡ್ಡಣ್ಣ ಹಾಲ್. ಅದೂ ಈಗ ಇಲ್ಲ. ಕನ್ನಡ ಸಿನೆಮಾ ಮೊದಲ ಬಾರಿ ಬಾಯಿ ಬಿಟ್ಟ ಕಟ್ಟಡವನ್ನೇ ಉಳಿಸಿಕೊಳ್ಳದ ಊರಿನಲ್ಲಿ ಉಳಿದವುಗಳ ಗತಿ ಏನಾಗಬಹುದು ಅಂತ ಬೇರೆ ಹೇಳಬೇಕಾಗಿಲ್ಲ.

ಆಗ ನಮಗೂ ಬೆಂಗಳೂರಿಗೂ ಅಂಥ ನಂಟೂ ಇರಲಿಲ್ಲ. 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ನಮ್ಮ ಹಿರಿಯರಿಗೆ ರಾಜಧಾನಿ ಅಂದರೆ ಮದ್ರಾಸು. ಹಾಗಂತ ಪುತ್ತೂರಿಗೆ ಸಿನೆಮಾ ಗೊತ್ತಿರಲಿಲ್ಲ ಅನ್ನಬೇಡಿ. ಇಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಮೂಕಿ ಚಿತ್ರಗಳ ಕಾಲದಲ್ಲೇ ಕ್ಯಾಮರಾ ಹಿಡಿದು ಸಿನೆಮಾ ಮಾಡಿ ಕೈ ಸುಟ್ಟುಕೊಂಡವರು. ಆ ಕತೆ ಇನ್ನೊಂದು ದಿನಕ್ಕೆ ಇರಲಿ.

ಕಪಾಲಿ ಶುರುವಾದದ್ದು 1968ರಲ್ಲಿ. ಜಾಗ ಗಾಂಧಿನಗರದ ಸುಬೇದಾರ್ ಛತ್ರ ರಸ್ತೆ. ಉದ್ಘಾಟನೆ ಮಾಡಿದ್ದು ಆಗ ದೇಶದ ಉಪಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ. ಒಂದು ಟಾಕೀಸಿನ ರಿಬ್ಬನ್ ಕತ್ತರಿಸಲು ಉಪಪ್ರಧಾನಿ ಬರುತ್ತಾರೆ ಅಂದರೆ ಆ ಕಾಲದಲ್ಲಿ ಟಾಕೀಸಿಗೆ ಎಷ್ಟು ಮರ್ಯಾದೆ ಇತ್ತು ನೋಡಿ.

ಒಳಗೆ 1,465 ಸೀಟು. ಈ ಲೆಕ್ಕ ಹಾಗೇ ಹೇಳಿದರೆ ಕಣ್ಣಿಗೆ ಕಟ್ಟುವುದಿಲ್ಲ. ನಮ್ಮ ಕೆಎಸ್ಸಾರ್ಟಿಸಿ ಕೆಂಪು ಬಸ್ಸಿನಲ್ಲಿ ಐವತ್ತು ಜನ ಕೂರುತ್ತಾರೆ ಅಂತ ಇಟ್ಟುಕೊಳ್ಳಿ. ಸುಮಾರು ಮೂವತ್ತು ಬಸ್ಸಿನ ಜನ ಒಂದೇ ಮಾಡಿನ ಅಡಿಯಲ್ಲಿ, ಒಂದೇ ಕಡೆಗೆ ಮುಖ ಮಾಡಿ ಕೂತ ಹಾಗೆ. ದಿನಕ್ಕೆ ನಾಲ್ಕು ಆಟ ಭರ್ತಿಯಾದರೆ 5,860 ಜನ. ನಮ್ಮಲ್ಲಿ ಎಷ್ಟೋ ಗ್ರಾಮ ಪಂಚಾಯತಿಗಳಲ್ಲಿ ಅಷ್ಟು ಜನ ಇಲ್ಲ.

ಪರದೆಯೂ ಬೇರೆ ನಮೂನೆಯದು. ಸಿನೆರಮಾ ಅಂತ ಕರೆಯುತ್ತಿದ್ದರು. 1952ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿ ಮನೆಮನೆಗೆ ಟೀವಿ ಬಂದು ಜನ ಟಾಕೀಸಿಗೆ ಬರುವುದು ಕಡಿಮೆಯಾದಾಗ, ಮನೆಯಲ್ಲಿ ಸಿಗದ್ದನ್ನು ತೋರಿಸಬೇಕು ಅಂತ ಹುಟ್ಟಿದ್ದು. ಪರದೆ ಚಪ್ಪಟೆ ಅಲ್ಲ. ಅಡಿಕೆ ಹಾಳೆ ಬಿಸಿಲಿಗೆ ಒಣಗುವಾಗ ಎರಡೂ ಬದಿ ಒಳಕ್ಕೆ ಮಗುಚಿಕೊಳ್ಳುತ್ತದಲ್ಲ, ಹಾಗೆ ಬಾಗಿದ್ದು. ಮೊದಮೊದಲು ಮೂರು ಪ್ರೊಜೆಕ್ಟರ್ ಒಟ್ಟಿಗೆ ಓಡಿಸಿ ಮೂರು ತುಂಡು ಚಿತ್ರವನ್ನು ಒಂದು ಮಾಡುತ್ತಿದ್ದರು, ಆಮೇಲೆ ಅಗಲ ರೀಲಿನ ಒಂದೇ ಪ್ರೊಜೆಕ್ಟರಿಗೆ ಬಂದರು. ನಡುವೆ ಕೂತವನಿಗೆ ಚಿತ್ರ ಕಣ್ಣಿನ ಎರಡೂ ಬದಿಯಿಂದ ಸುತ್ತಿಕೊಂಡ ಹಾಗೆ ಅನಿಸಬೇಕು. ಟೀವಿ ಬಂದ ಮೇಲೆ ಅಮೆರಿಕದವರು ಹೂಡಿದ ಉಪಾಯ, ಮನೆಗಳಲ್ಲಿ ಟೀವಿಯೇ ಇಲ್ಲದ ಕರ್ನಾಟಕಕ್ಕೆ ಹೀಗೆ ಮೊದಲೇ ಬಂದು ಕೂತಿತು.

ನಮ್ಮ ಕಡೆ ಆ ವರ್ಷಗಳಲ್ಲಿ ರಾತ್ರಿ ಇಡೀ ಜನ ಸೇರುತ್ತಿದ್ದದ್ದು ಯಕ್ಷಗಾನದ ಡೇರೆಗೆ. ದೀಪಾವಳಿ ಕಳೆದು ಗದ್ದೆ ಒಣಗಿದ ಮೇಲೆ ಮೇಳ ಹೊರಡಬೇಕು, ಪತ್ತನಾಜೆಗೆ ಗೆಜ್ಜೆ ಬಿಚ್ಚಬೇಕು. ಟೂರಿಂಗ್ ಟಾಕೀಸಿಗೂ ಅದೇ ಋತು, ಮಳೆಗಾಲದಲ್ಲಿ ಡೇರೆ ನಿಲ್ಲುವುದಿಲ್ಲ. ಡೇರೆ ಆಟದಲ್ಲಿ ನೆಲ, ಕುರ್ಚಿ, ಆರಾಮ ಕುರ್ಚಿ ಅಂತ ದರ ಇದ್ದ ಹಾಗೆ ಬೆಂಗಳೂರಿನಲ್ಲಿ ಬಾಲ್ಕನಿ, ಸೆಕೆಂಡ್ ಕ್ಲಾಸ್, ಪರದೆಯ ಮೂಗಿನಡಿಯ ಗಾಂಧಿ ಕ್ಲಾಸ್. ದುಡ್ಡಿನ ಮೇಲೆ ಜಾಗ ಬೇರೆ, ಆದರೆ ಮಾಡು ಒಂದೇ. ಭಾಗವತರ ಪದ ನೆಲದವನಿಗೂ ಕೇಳುತ್ತದೆ, ರಾಜ್‌ಕುಮಾರ್ ನಕ್ಕದ್ದು ಗಾಂಧಿ ಕ್ಲಾಸಿಗೂ ಕಾಣುತ್ತದೆ.

ಇನ್ನು ಆ ಟಾಕೀಸುಗಳಿಗೂ ನಮ್ಮ ಊರಿನ ಟಾಕೀಸಿಗೂ ಇದ್ದ ಸಂಬಂಧ. ಇದನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ.

ಸಿನೆಮಾ ಅಂದರೆ ಆಗ ಒಂದು ಸಾಮಾನು, ಹೊರಬಹುದಾದ ಭಾರದ ಸಾಮಾನು. ರೀಲು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಸಿನೆಮಾಕ್ಕೆ 13,500 ಅಡಿ, ನಾಲ್ಕು ಕಿಲೋಮೀಟರಿಗಿಂತ ಹೆಚ್ಚು. ಪುತ್ತೂರು ಪೇಟೆಯಿಂದ ಕಬಕದ ಕಡೆಗೆ ಹಾಸುತ್ತಾ ಹೊರಟರೆ ಒಳ್ಳೆಯ ದೂರ ಮುಟ್ಟುತ್ತದೆ. ಅದನ್ನು ತುಂಡುತುಂಡಾಗಿ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟು ಬಸ್ಸಿನಲ್ಲಿ ಕಳಿಸುತ್ತಿದ್ದರು. ಒಂದು ಪ್ರಿಂಟಿಗೆ ದುಡ್ಡು ಹೆಚ್ಚು. ಹಾಗಾಗಿ ಎಲ್ಲ ಊರಿಗೂ ಒಂದೇ ದಿನ ಕಳಿಸುವಷ್ಟು ಪ್ರಿಂಟು ಯಾರೂ ಹಾಕಿಸುತ್ತಿರಲಿಲ್ಲ. ಮೊದಲು ಬೆಂಗಳೂರು, ಮೈಸೂರಿನಂಥ ‘ಎ’ ಸೆಂಟರ್. ಅಲ್ಲಿ ಓಡಿ ಮುಗಿದ ಮೇಲೆ ‘ಬಿ’, ಆಮೇಲೆ ‘ಸಿ’. ನಮ್ಮಂಥ ಊರುಗಳ ಸರದಿ ಬರುವಾಗ ಪತ್ರಿಕೆಯಲ್ಲಿ ಆ ಸಿನೆಮಾದ ನೂರು ದಿನದ ಜಾಹೀರಾತು ಬಂದಿರುತ್ತಿತ್ತು.

ಆ ಜಾಹೀರಾತಿನ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತಿದ್ದದ್ದು ಮುಖ್ಯ ಚಿತ್ರಮಂದಿರದ ಹೆಸರು. ನರ್ತಕಿ, ಸಂತೋಷ್, ಸಾಗರ್, ಕಪಾಲಿ. ನಿರ್ಮಾಪಕರು ಆ ಹೆಸರಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಮೆಜೆಸ್ಟಿಕ್ ಆಸುಪಾಸಿನಲ್ಲಿ ಮುಖ್ಯ ಚಿತ್ರಮಂದಿರ ಸಿಗದ ಸಿನೆಮಾ ಅಂದರೆ ಮುಹೂರ್ತ ಇಲ್ಲದ ಮದುವೆ. ಎತ್ತರದ ಕಟೌಟು, ಹೂವಿನ ಹಾರ, ಹಾಲಿನ ಅಭಿಷೇಕ ಎಲ್ಲ ಅಲ್ಲಿ. ನಮ್ಮ ಹಳ್ಳಿಯವರು ಆ ಹೆಸರುಗಳನ್ನು ಬೆಂಗಳೂರು ನೋಡುವ ಮೊದಲೇ ಬಾಯಿಪಾಠ ಮಾಡಿದ್ದರು.

ಪ್ರಿಂಟು ನಮ್ಮಲ್ಲಿಗೆ ಬರುವಾಗ ಅದರ ಮೈ ತುಂಬ ಗೀರು. ಪರದೆ ಮೇಲೆ ಸದಾ ಜಿರಿಜಿರಿ ಮಳೆ. ರಾಜಸ್ಥಾನದ ಮರುಭೂಮಿಯಲ್ಲಿ ತೆಗೆದ ಹಾಡಿಗೂ ನಮ್ಮೂರಲ್ಲಿ ಮಳೆ ತಪ್ಪುತ್ತಿರಲಿಲ್ಲ. ನಡುವೆ ರೀಲು ತುಂಡಾದರೆ ಆಪರೇಟರ್ ಕತ್ತರಿಸಿ ಅಂಟಿಸುತ್ತಿದ್ದರು. ಹಾಗೆ ಒಂದೊಂದು ಊರಿನಲ್ಲಿ ಒಂದೊಂದು ತುಂಡು ಹೋಗಿ, ಕೊನೆಗೆ ನಾಯಕ ಮಾತು ಶುರು ಮಾಡುವುದು ಈ ಮನೆಯಲ್ಲಿ, ಮುಗಿಸುವುದು ಇನ್ನೊಂದು ಮನೆಯಲ್ಲಿ. ಆದರೂ ಅದು ಬೆಂಗಳೂರಿನ ದೊಡ್ಡ ಪರದೆಯ ಮೇಲೆ ಓಡಿದ ಅದೇ ರೀಲು. ದೇವಸ್ಥಾನದ ಪ್ರಸಾದ ಕೈಯಿಂದ ಕೈಗೆ ದಾಟಿ ಕೊನೆಯವನಿಗೆ ಬರುವಾಗ ಚಿಟಿಕೆಯಷ್ಟೇ ಉಳಿದರೂ ಪ್ರಸಾದವೇ ಅಲ್ಲವೇ.

ಆ ರಸ್ತೆಯಲ್ಲಿ ಓಡಿದ ಸಿನೆಮಾಗಳಲ್ಲಿ ನಮಗೆ ಹತ್ತಿರದ್ದು ‘ಬಂಗಾರದ ಮನುಷ್ಯ’. 1972ರಲ್ಲಿ ಬಿಡುಗಡೆಯಾಗಿ ಸ್ಟೇಟ್ಸ್ ಚಿತ್ರಮಂದಿರದಲ್ಲಿ 104 ವಾರ ಓಡಿತು, ಎರಡು ವರ್ಷ. ಕಲಿತವನೊಬ್ಬ ಹಳ್ಳಿಗೆ ಬಂದು ಬಂಜರು ನೆಲ ಹಸನು ಮಾಡುವ ಕತೆ. ಅದನ್ನು ನೋಡಿ ಪೇಟೆ ಬಿಟ್ಟು ಜಮೀನಿಗೆ ಮರಳಿದವರಿದ್ದಾರೆ ಅಂತ ಇವತ್ತಿಗೂ ಹೇಳುತ್ತಾರೆ. ತಮಾಷೆ ಏನೆಂದರೆ, ಹಳ್ಳಿಗೆ ಹೋಗಿ ಅನ್ನುವ ಸಿನೆಮಾವನ್ನು ಎರಡು ವರ್ಷ ಓಡಿಸಿದ್ದು ಹಳ್ಳಿಯಿಂದ ಬಂದವರು ಇಳಿಯುವ ಬಸ್‌ಸ್ಟ್ಯಾಂಡಿನ ಪಕ್ಕ.

ಈಗ ನಮ್ಮ ಕತೆ ಸ್ವಲ್ಪ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದ ನಾವು ಮೂವರು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ಒಂದು ಪತ್ರಿಕಾ ಕಚೇರಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಬರಲು ಹೇಳಿದ್ದರು. ಯಾವ ಪತ್ರಿಕೆ ಅನ್ನುವುದು ಬೇಡ, ಅವರಿಗೂ ನೆನಪಿರಲಿಕ್ಕಿಲ್ಲ. ಆ ವರ್ಷ ಶಿರಾಡಿಯ ರಸ್ತೆ ಹೇಗಿತ್ತು ಅಂತ ನಿಮಗೆ ಗೊತ್ತು. ಮೆಜೆಸ್ಟಿಕ್‌ನಲ್ಲಿ ಇಳಿಯುವಾಗ ಸೊಂಟ ಎಲ್ಲಿ, ಕಾಲು ಎಲ್ಲಿ ಅಂತ ಹುಡುಕಬೇಕಿತ್ತು. ಸುಲಭ್‌ನಲ್ಲಿ ಮುಖ ತೊಳೆದು, ಬ್ಯಾಗಿನಲ್ಲಿದ್ದ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆವು. ಹತ್ತೂವರೆಗೆ ಒಬ್ಬರು ಬಂದು ನಮ್ಮ ಬರಹಗಳ ಫೈಲು ತೆಗೆದುಕೊಂಡು, ‘ನಾಲ್ಕು ಗಂಟೆಗೆ ಬನ್ನಿ’ ಅಂದರು.

ನಾಲ್ಕು ಗಂಟೆ ತನಕ ಎಲ್ಲಿಗೆ ಹೋಗುವುದು? ಬೆಂಗಳೂರಿನಲ್ಲಿ ದುಡ್ಡಿಲ್ಲದವನಿಗೆ ನಿಲ್ಲಲು ಜಾಗ ಇದೆ, ಕೂರಲು ಇಲ್ಲ. ಹೋಟೆಲಿನಲ್ಲಿ ಕಾಫಿ ಮುಗಿದ ಕೂಡಲೇ ಟೇಬಲ್ ಒರೆಸಲು ಬರುತ್ತಾರೆ. ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಬ್ಯಾಗಿನ ಮೇಲೆ ಕಣ್ಣಿಟ್ಟು ಕೂರಬೇಕು. ಆಗ ನಮ್ಮಲ್ಲಿ ಒಬ್ಬ, ಕಡಬ ಕಡೆಯವನು, ‘ಕಪಾಲಿಗೆ ಹೋಗುವ ಮಾರಾಯ, ನಮ್ಮ ಅಪ್ಪ ಬಂದರೆ ಅಲ್ಲಿಗೇ ಹೋಗುವುದು’ ಅಂದ. ಅವನ ಅಪ್ಪ ಅಡಿಕೆ ತೋಟದವರು. ಮಗಳ ಕಣ್ಣಿನ ಚಿಕಿತ್ಸೆಗೆ ಅಂತ ಕೆಲವು ಸಲ ಬೆಂಗಳೂರಿಗೆ ಹೋಗಿ ಬಂದವರು.

ಓಡುತ್ತಿದ್ದದ್ದು ಹೊಸ ಸಿನೆಮಾ ಅಲ್ಲ, ಹಳೆಯದನ್ನು ಮತ್ತೆ ಹಾಕಿದ್ದರು. ಕಪಾಲಿಗೆ ಅದು ಹೊಸತೂ ಅಲ್ಲ. ಉಪೇಂದ್ರ ನಿರ್ದೇಶನದ, ಶಿವರಾಜ್‌ಕುಮಾರ್ ಅಭಿನಯದ ‘ಓಂ’ 1995ರ ಸಿನೆಮಾ. ಅದು ಕಪಾಲಿಯಲ್ಲಿ ಎಷ್ಟು ಸಲ ಮತ್ತೆ ಮತ್ತೆ ಬಿಡುಗಡೆಯಾಗಿದೆ ಅಂತ ಬೆಂಗಳೂರಿನವರೇ ಬೆರಳು ಮಡಚಿ ಸುಸ್ತಾಗಿದ್ದಾರೆ. ಹೊಸ ಸಿನೆಮಾ ಸೋತ ವಾರ ಹಳೆಯದಕ್ಕೆ ಜನ ಬರುತ್ತಿದ್ದರು. ಯಾಕೆ ಬರುತ್ತಿದ್ದರು ಅನ್ನುವುದು ಒಳಗೆ ಹೋದ ಮೇಲೆ ನಮಗೆ ಗೊತ್ತಾಯಿತು.

ಒಳಗೆ ಕತ್ತಲೆ, ತಂಪು. ಅಷ್ಟು ದೊಡ್ಡ ಹಾಲು ನಾವು ಅದುವರೆಗೆ ನೋಡಿರಲಿಲ್ಲ. ಮೂರರಲ್ಲಿ ಎರಡು ಪಾಲು ಸೀಟು ಖಾಲಿ. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ, ಕೂತವರಲ್ಲಿ ಅರ್ಧಕ್ಕರ್ಧ ಜನರ ಕಾಲ ಬಳಿ ಬ್ಯಾಗು. ಒಬ್ಬರ ಪಕ್ಕದಲ್ಲಿ ಎಕ್ಸ್‌ರೇ ಹಾಕಿದ ದೊಡ್ಡ ಲಕೋಟೆ. ಒಬ್ಬ ಮುದುಕ ಚಪ್ಪಲಿ ಬಿಚ್ಚಿ ಕಾಲು ಮಡಚಿ ಸೀಟಿನ ಮೇಲೆಯೇ ಪದ್ಮಾಸನ ಹಾಕಿದ್ದ. ಹಿಂದಿನ ಸಾಲಿನಲ್ಲಿ ಗೊರಕೆ. ಪರದೆಯಲ್ಲಿ ಯಾರನ್ನು ಯಾರು ಹೊಡೆದರೂ ಅವರಿಗೆ ಎಚ್ಚರವಿಲ್ಲ. ಅವರೆಲ್ಲ ನಮ್ಮಂಥವರೇ. ಬೆಳಿಗ್ಗೆ ಇಳಿದು, ಕೆಲಸ ಅರ್ಧವಾಗಿ, ರಾತ್ರಿ ಬಸ್ಸಿಗೆ ಕಾಯುವವರು. ಬೀದರಿನವರು, ಚಿತ್ರದುರ್ಗದವರು, ಕಡಬದವರು. ರಾಜಧಾನಿ ಅವರಿಗಾಗಿ ಬೇರೆ ಕೋಣೆ ಕಟ್ಟಿರಲಿಲ್ಲ. ಕಪಾಲಿ ಆ ಕೆಲಸ ಮಾಡುತ್ತಿತ್ತು. ಒಂದು ಟಿಕೆಟಿಗೆ ಎರಡೂವರೆ ಗಂಟೆ ಕುರ್ಚಿ, ಫ್ಯಾನು, ಕತ್ತಲೆ. ಏಳಿ ಅನ್ನುವವರಿಲ್ಲ. ನಾವು ಮೂವರೂ ಮಧ್ಯಂತರದ ಮೊದಲೇ ನಿದ್ದೆ ಹೋದೆವು.

ನಾಲ್ಕಕ್ಕೆ ಹೋದಾಗ ಕಚೇರಿಯಲ್ಲಿ ಫೈಲು ಬಿಚ್ಚಿದ ಗುರುತೂ ಇರಲಿಲ್ಲ. ‘ಊರಲ್ಲೇ ಇದ್ದು ಸುದ್ದಿ ಕಳಿಸಿ’ ಅಂದರು. ಅದನ್ನೇ ಇವತ್ತಿನ ತನಕ ಮಾಡುತ್ತಿದ್ದೇವೆ.

ಕಪಾಲಿಯನ್ನು ಹೊಗಳಿಯೇ ಬಿಟ್ಟೆವು ಅಂತ ನಿಮಗೆ ಅನಿಸಬಾರದು. ಅಲ್ಲಿನ ಕಕ್ಕಸಿನ ವಾಸನೆ ಬಾಲ್ಕನಿ ಮೆಟ್ಟಿಲ ತನಕ ಬರುತ್ತಿತ್ತು. ಸೀಟಿನ ಸ್ಪಂಜಿನಲ್ಲಿ ತಿಗಣೆ ಇತ್ತು ಅಂತ ಮೂವರಲ್ಲಿ ಇಬ್ಬರ ಆರೋಪ. ಆ ಸೀಮೆಯ ದೊಡ್ಡ ಟಾಕೀಸುಗಳ ಮುಂದೆ ಹೊಸ ಸಿನೆಮಾದ ದಿನ ಬ್ಲ್ಯಾಕ್ ಟಿಕೆಟಿನವರದೇ ರಾಜ್ಯ. ಮತ್ತೆ ನಾವು ಮಲಗಿದ ಆ ಮಧ್ಯಾಹ್ನದ ಆಟದಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಆಸ್ಪತ್ರೆಗೆ ಅಂತ ಬಂದ ನಮ್ಮ ಅಕ್ಕಂದಿರು, ಅತ್ತೆಯಂದಿರು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲೇ ಸಂಜೆ ತನಕ ಕೂತರೇ ಹೊರತು ಒಬ್ಬರೇ ಟಾಕೀಸಿಗೆ ಕಾಲಿಡಲಿಲ್ಲ. ಎಲ್ಲರಿಗೂ ತೆರೆದ ಬಾಗಿಲು ಅಂತ ನಾವು ಗಂಡಸರು ಹೇಳುವಾಗ ಇದನ್ನೂ ಸೇರಿಸಿ ಹೇಳಬೇಕು.

ಅಷ್ಟು ದೊಡ್ಡದು ಯಾಕೆ ಬಿತ್ತು? ಮೊಬೈಲ್ ಬಂತು, ಸಿನೆಮಾ ಹೋಯಿತು ಅಂತ ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ನಮಗೆ ಹಾಗೆ ಅನಿಸುವುದಿಲ್ಲ. ಏಟು ಬೇರೆ ಬೇರೆ ಕಡೆಯಿಂದ ಬಿತ್ತು.

1994ರಲ್ಲಿ ಉದಯ ಟೀವಿ ಬಂತು. ಹಳೆಯ ಕನ್ನಡ ಸಿನೆಮಾ ಮನೆಯ ಜಗಲಿಗೇ ಬಂತು. 2000ದ ನಂತರ ಬೆಂಗಳೂರಿನ ಮಾಲ್‌ಗಳಲ್ಲಿ ಮಲ್ಟಿಪ್ಲೆಕ್ಸ್ ಶುರುವಾದವು. ಸಣ್ಣ ಸಣ್ಣ ಹಾಲು, ಒಂದೊಂದರಲ್ಲಿ ಇನ್ನೂರು, ಮುನ್ನೂರು ಸೀಟು. ಒಂದು ಸಿನೆಮಾ ಸೋತರೆ ಸಂಜೆಗೇ ಬದಲಾಯಿಸಬಹುದು. ಕಪಾಲಿಯಂಥದ್ದಕ್ಕೆ ಆ ಸೌಕರ್ಯ ಇಲ್ಲ. 1,465 ಸೀಟಿಗೆ ಒಂದೇ ಸಿನೆಮಾ, ಅದು ಸೋತರೆ ಅಷ್ಟು ಸೀಟೂ ಸೋತವು. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ಕೋರಮಂಗಲದ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿದಾಗ, ಕನ್ನಡ ಸಿನೆಮಾಕ್ಕೆ ಮೆಜೆಸ್ಟಿಕ್ಕೇ ಗತಿ ಅನ್ನುವ ಮಾತು ಮುರಿಯಿತು.

ಅದೇ ಸುಮಾರಿಗೆ ರೀಲು ಹೋಗಿ ಉಪಗ್ರಹದ ಮೂಲಕ ಸಿನೆಮಾ ಕಳಿಸುವ ಪದ್ಧತಿ ಬಂತು. ಇದು ನಮಗೆ ಲಾಭ. ಪುತ್ತೂರು, ಸುಳ್ಯದಲ್ಲಿ ಕೂತವರೂ ಬೆಂಗಳೂರಿನವರ ಜೊತೆಗೆ ಶುಕ್ರವಾರವೇ ನೋಡಬಹುದು, ಗೀರಿಲ್ಲ, ಮಳೆ ಇಲ್ಲ. ಆದರೆ ಒಂದೇ ಶುಕ್ರವಾರ ನೂರಾರು ಕಡೆ ಬಿಡುಗಡೆಯಾದ ಸಿನೆಮಾ ಮೂರು ದಿನದಲ್ಲಿ ತನ್ನ ದುಡ್ಡು ದುಡಿದುಕೊಳ್ಳಬೇಕು. ಒಂದೇ ಟಾಕೀಸಿನಲ್ಲಿ 104 ವಾರ ಓಡಿಸುವ ವ್ಯಾಪಾರ ಅಲ್ಲಿಗೆ ಮುಗಿಯಿತು. ಮುಖ್ಯ ಚಿತ್ರಮಂದಿರ ಅನ್ನುವ ಮಾತಿಗೆ ಜಾಹೀರಾತಿನ ಬೆಲೆ ಉಳಿಯಿತು, ಗಲ್ಲಾಪೆಟ್ಟಿಗೆಯ ಬೆಲೆ ಹೋಯಿತು. ನಮಗೆ ಒಳ್ಳೆಯದಾದದ್ದೇ ಕಪಾಲಿಗೆ ಕೆಟ್ಟದಾಯಿತು. ಇದನ್ನು ಒಪ್ಪಿಕೊಳ್ಳಲು ನಮಗೂ ಸ್ವಲ್ಪ ಸಮಯ ಬೇಕಾಯಿತು.

ಮೇಲಿನಿಂದ ತೆರಿಗೆ. ಕರ್ನಾಟಕದಲ್ಲಿ ಕನ್ನಡ ಸಿನೆಮಾಗಳಿಗೆ ಮನರಂಜನಾ ತೆರಿಗೆ ವಿನಾಯಿತಿ ಇತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ನೂರು ರೂಪಾಯಿ ವರೆಗಿನ ಟಿಕೆಟಿಗೆ ಶೇ. 18, ಅದಕ್ಕಿಂತ ಮೇಲಿನದಕ್ಕೆ ಶೇ. 28 ಬಿತ್ತು. ಆಮೇಲೆ ಇಳಿಸಿದರು. ಇದೆಲ್ಲದಕ್ಕಿಂತ ದೊಡ್ಡದು ನೆಲದ ಬೆಲೆ. ಗಾಂಧಿನಗರದಲ್ಲಿ ಅಷ್ಟು ಜಾಗ ಇಟ್ಟುಕೊಂಡು ದಿನಕ್ಕೆ ನಾಲ್ಕು ಆಟ ಅರೆಬರೆ ಓಡಿಸುವುದೆಂದರೆ, ಹೈವೇ ಬದಿಯ ಜಾಗದಲ್ಲಿ ಹುರುಳಿ ಬಿತ್ತಿದ ಹಾಗೆ. ಮಾಲೀಕರನ್ನು ಬೈಯುವುದು ಸುಲಭ. ನಮ್ಮ ರಸ್ತೆ ಬದಿಯ ಗದ್ದೆಗಳನ್ನು ನಾವೇ ಏನು ಮಾಡಿದ್ದೇವೆ ಅಂತ ನೋಡಿಕೊಂಡರೆ ಬಾಯಿ ಕಟ್ಟುತ್ತದೆ.

2017ರ ಅಕ್ಟೋಬರಿನಲ್ಲಿ ಕಪಾಲಿ ಬಾಗಿಲು ಹಾಕಿತು. ಕೊನೆಗೆ ಓಡಿದ ಸಿನೆಮಾ ‘ಹುಲಿರಾಯ’. ಐವತ್ತು ವರ್ಷಕ್ಕೆ ಒಂದು ಕಡಿಮೆ. ಸುದ್ದಿ ನಮ್ಮ ವಾಟ್ಸಾಪ್ ಗುಂಪಿಗೆ ಬಂದಾಗ ಆ ದಿನ ಜೊತೆಗೆ ಮಲಗಿದ್ದ ಮೂವರೂ ಏನೂ ಬರೆಯಲಿಲ್ಲ, ಒಬ್ಬ ಮಾತ್ರ ನಿದ್ದೆಯ ಇಮೋಜಿ ಹಾಕಿದ.

ಆಮೇಲೆ ಕಟ್ಟಡ ಕೆಡವಿದರು. ಅಲ್ಲಿ ಈಗ ಮಾಲ್ ಎದ್ದಿದೆ. ಒಳಗೆ ತೆಲುಗು ನಟ ಮಹೇಶ್ ಬಾಬು ಪಾಲುದಾರರಾಗಿರುವ ಎಎಂಬಿ ಮಲ್ಟಿಪ್ಲೆಕ್ಸ್. ಅದಕ್ಕೂ ಕಪಾಲಿ ಅನ್ನುವ ಹೆಸರನ್ನು ಸೇರಿಸಿಕೊಂಡಿದ್ದಾರೆ. ಉಳಿದವರ ಗತಿಯೂ ಹೀಗೇ. ಅಲಂಕಾರ್ ಇದ್ದಲ್ಲಿ ಅಲಂಕಾರ್ ಪ್ಲಾಜಾ. ಎಂ.ಜಿ. ರಸ್ತೆಯಲ್ಲಿ 1936ರಲ್ಲಿ ಕಟ್ಟಿದ್ದ ಪ್ಲಾಜಾ ಟಾಕೀಸಿನ ಜಾಗದಲ್ಲಿ ಮೆಟ್ರೋ ಸ್ಟೇಷನ್. ರೆಕ್ಸ್ 2018ರ ಕೊನೆಯ ದಿನ ಮುಚ್ಚಿತು, ಕಾವೇರಿ 2024ರಲ್ಲಿ.

ಟಿಕೆಟ್ ದರದ ಜಗಳ ಇನ್ನೂ ಇದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಚಿತ್ರಮಂದಿರಗಳಿಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಹೋದರು, ಅದೇ ತಿಂಗಳು ತಡೆಯಾಜ್ಞೆ ಬಂತು. ನಮಗೆ ಅನಿಸುವುದು, 200 ರೂಪಾಯಿಗೆ ಸಿಕ್ಕಿದರೂ ಎಕ್ಸ್‌ರೇ ಲಕೋಟೆ ಹಿಡಿದು ರಾತ್ರಿ ಬಸ್ಸಿಗೆ ಕಾಯುವ ಮನುಷ್ಯ ಮಾಲ್‌ನ ಬಾಗಿಲಲ್ಲಿ ಬ್ಯಾಗು ತಪಾಸಣೆ ಮಾಡಿಸಿಕೊಂಡು ಒಳಗೆ ಹೋಗುತ್ತಾನೆಯೇ? ಹೋದರೂ ಚಪ್ಪಲಿ ಬಿಚ್ಚಿ ಸೀಟಿನ ಮೇಲೆ ಕಾಲು ಮಡಚಿ ಕೂರುತ್ತಾನೆಯೇ?

ನಮ್ಮ ಕಡೆಯ ಟಾಕೀಸುಗಳ ಕತೆ ಬೇರೆಯೇ ಬರೆಯಬೇಕು. ತುಳುವಿನ ಮೊದಲ ಸಿನೆಮಾ ‘ಎನ್ನ ತಂಗಡಿ’ 1971ರದ್ದು. ಬಹಳ ವರ್ಷ ತುಳು ಸಿನೆಮಾ ಕುಂಟುತ್ತಾ ಬಂದು 2011ರ ‘ಒರಿಯರ್ದೊರಿ ಅಸಲ್’ ನಂತರ ಎದ್ದು ನಿಂತಿತು. ಆಗ ಪತ್ರಿಕೆಗಳಲ್ಲಿ ಬರುತ್ತಿದ್ದ ಪಟ್ಟಿ ನೆನಪಿದೆಯೇ? ಮಂಗಳೂರಿನಲ್ಲಿ ಜ್ಯೋತಿ, ಪುತ್ತೂರಿನಲ್ಲಿ ಅರುಣಾ, ಸುಳ್ಯದಲ್ಲಿ ಸಂತೋಷ್, ಬೆಳ್ತಂಗಡಿಯಲ್ಲಿ ಭಾರತ್. ಮೆಜೆಸ್ಟಿಕ್‌ಗೆ ಕಪಾಲಿ ಹೇಗೋ ತುಳು ಸಿನೆಮಾಕ್ಕೆ ಜ್ಯೋತಿ ಹಾಗೆ. ಅಲ್ಲಿ ಈಗ ಆಟ ಇಲ್ಲ. ಪುತ್ತೂರಿನಲ್ಲೂ ಮಾಲ್‌ನ ಒಳಗೆ ಪರದೆ ಬಂದಿದೆ. ಆದರೆ ಕಂಡಕ್ಟರ್ ‘ಜ್ಯೋತಿ’ ಅಂದ ಕೂಡಲೇ ಅರ್ಧ ಬಸ್ಸು ಎದ್ದು ನಿಲ್ಲುವುದು ನಿಂತಿಲ್ಲ.

ಕಡಬದ ಆ ಗೆಳೆಯನ ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ತೋಟಕ್ಕೆ ಇಳಿಯುವುದು ಕಡಿಮೆ, ಪಡಸಾಲೆಯಲ್ಲಿ ಅಡಿಕೆ ಸುಲಿಯುತ್ತಾ ಕೂರುತ್ತಾರೆ. ಕಳೆದ ಬಾರಿ ಕೆಲಸದ ಮೇಲೆ ಬೆಂಗಳೂರಿಗೆ ಹೊರಟಾಗ ಅವರ ಮನೆಗೆ ಹೋಗಿದ್ದೆವು.

‘ಎಲ್ಲಿ ಇಳಿಯುವುದು ಮಕ್ಕಳೇ?’

‘ಮೆಜೆಸ್ಟಿಕ್, ಮಾವ.’

‘ಕಪಾಲಿಯಲ್ಲಿ ಎಂತ ಪಿಚ್ಚರ್ ಉಂಟು ನೋಡಿ ಬನ್ನಿ.’

ಮಗ ನಮ್ಮ ಮುಖ ನೋಡಿದ. ಅವನು ಅಪ್ಪನಿಗೆ ಹೇಳಿರಲಿಲ್ಲ. ನಾವೂ ಹೇಳಲಿಲ್ಲ. ‘ಆಯ್ತು ಮಾವ’ ಅಂದು ಚಾ ಕುಡಿದು ಎದ್ದೆವು, ಹತ್ತು ಗಂಟೆಯ ಬಸ್ಸಿತ್ತು.